ಸಾಲ ಕೊಟ್ಟವರ ಹೊಣೆ: ಬ್ಯಾಂಕುಗಳು ಮತ್ತು ಮಾನವ ಹಕ್ಕುಗಳ ಪ್ರಶ್ನೆ

ದೊಡ್ಡದೊಂದು ವಿದ್ಯುತ್ ಸ್ಥಾವರವೋ ಸಕ್ಕರೆ ಕಾರ್ಖಾನೆಯೋ ತಲೆಯೆತ್ತುವಾಗ ಅದರ ಖರ್ಚಿನಲ್ಲಿ ಕಂಪನಿಯ ಸ್ವಂತ ಹಣ ಸಾಮಾನ್ಯವಾಗಿ ಸಣ್ಣ ಪಾಲು. ದೊಡ್ಡ ಪಾಲು ಬ್ಯಾಂಕಿನ ಸಾಲ. ಜಮೀನು ಕಳೆದುಕೊಂಡವರು ಕಂಪನಿಯ ಗೇಟಿನ ಮುಂದೆ ಧರಣಿ ಕೂರುತ್ತಾರೆ, ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಡುತ್ತಾರೆ, ಶಾಸಕರ ಮನೆಗೆ ಅಲೆಯುತ್ತಾರೆ. ಹಣ ಕೊಟ್ಟ ಬ್ಯಾಂಕಿನ ಹೆಸರು ಎಷ್ಟೋ ಬಾರಿ ಅವರಿಗೆ ಗೊತ್ತೇ ಇರುವುದಿಲ್ಲ. ಆ ಬ್ಯಾಂಕಿಗೂ ಅವರ ಕಷ್ಟಕ್ಕೂ ಸಂಬಂಧವಿದೆಯೇ, ಇದ್ದರೆ ಎಷ್ಟು ಎಂಬ ಚರ್ಚೆ ಮುಕ್ಕಾಲು ಶತಮಾನದಿಂದ ನಡೆಯುತ್ತಿದೆ.

ಬ್ಯಾಂಕಿಗೆ ಸಮಾಜದ ಹೊಣೆ ಇದೆ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನು ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಗೂ, 1925ರಲ್ಲಿ ಉಡುಪಿಯಲ್ಲಿ ನೇಕಾರರ ಸಂಕಟ ಕಂಡು ಸಿಂಡಿಕೇಟ್ ಬ್ಯಾಂಕಿಗೆ ಬುನಾದಿ ಹಾಕಿದ ಟಿ.ಎಂ.ಎ. ಪೈ ಅವರಿಗೂ ಅದು ಉದ್ಯಮದ ಉಸಿರೇ ಆಗಿತ್ತು. ಆದರೆ ಇಲ್ಲಿ ಕೇಳುತ್ತಿರುವ ಹೊಣೆ ಬೇರೆ ಬಗೆಯದು. ಶಾಲೆ ಕಟ್ಟಿಸಿದ್ದಕ್ಕೆ, ಆಸ್ಪತ್ರೆಗೆ ದಾನ ಕೊಟ್ಟದ್ದಕ್ಕೆ ಇದರಲ್ಲಿ ಅಂಕವಿಲ್ಲ. ಬ್ಯಾಂಕಿನ ಹಣ ಹೋದ ಕಡೆ ಯಾರ ಹಕ್ಕಾದರೂ ಮುರಿಯಿತೇ, ಮುರಿಯಬಹುದೆಂದು ಬ್ಯಾಂಕಿಗೆ ತಿಳಿದಿತ್ತೇ, ತಿಳಿದ ಮೇಲೆ ಏನು ಮಾಡಿತು ಎಂಬುದಷ್ಟೇ ಲೆಕ್ಕ.

ನ್ಯೂರೆಂಬರ್ಗ್‌ನಿಂದ ನರ್ಮದೆಯವರೆಗೆ

ಈ ಪ್ರಶ್ನೆ ಮೊದಲ ಬಾರಿಗೆ ನೇರವಾಗಿ ಕಟಕಟೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಜರ್ಮನಿಯ ಡ್ರೆಸ್ಡ್‌ನರ್ ಬ್ಯಾಂಕಿನ ಹಿರಿಯ ಅಧಿಕಾರಿ ಕಾರ್ಲ್ ರಾಶೆ ಮೇಲಿದ್ದ ಆರೋಪಗಳಲ್ಲಿ ಒಂದು, ಗುಲಾಮರಂತೆ ದುಡಿಸಿಕೊಳ್ಳುತ್ತಿದ್ದ ನಾಜಿ ಉದ್ಯಮಗಳಿಗೆ ಸಾಲ ಕೊಟ್ಟದ್ದು. 1949ರಲ್ಲಿ ನ್ಯೂರೆಂಬರ್ಗ್‌ನ ನ್ಯಾಯಮಂಡಳಿ ಈ ಒಂದು ಆರೋಪದಿಂದ ಅವನನ್ನು ಬಿಡುಗಡೆ ಮಾಡಿತು. ಬೇರೆ ವ್ಯಾಪಾರಿಗಳು ಸರಕು ಮಾರುವ ಹಾಗೆ ಬ್ಯಾಂಕು ಹಣ ಮಾರುತ್ತದೆ. ಪಡೆದವನು ಕೆಟ್ಟ ಕೆಲಸಕ್ಕೆ ಬಳಸುತ್ತಾನೆಂದು ಗೊತ್ತಿದ್ದು ಕೊಟ್ಟದ್ದು ನೈತಿಕವಾಗಿ ಖಂಡನೀಯವಾದರೂ ಅಂತರರಾಷ್ಟ್ರೀಯ ಅಪರಾಧವಾಗದು ಎಂಬುದು ತೀರ್ಪಿನ ಸಾರ. ಲೂಟಿಯೂ ಸೇರಿ ಬೇರೆ ಆರೋಪಗಳಲ್ಲಿ ರಾಶೆಗೆ ಶಿಕ್ಷೆಯಾಯಿತು. ಆದರೆ ಸಾಲದ ಕುರಿತ ಈ ತರ್ಕ ಬಹುಕಾಲ ಬ್ಯಾಂಕುಗಳಿಗೆ ಗುರಾಣಿಯಾಗಿ ನಿಂತಿತು.

ಆ ಗುರಾಣಿಗೆ ಪೆಟ್ಟು ಬಿದ್ದದ್ದು ನ್ಯಾಯಾಲಯದ ಹೊರಗೆ. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರಕ್ಕೆ ಹಣ ಹರಿಯುತ್ತಿದ್ದ ದಾರಿಯನ್ನು ಹೋರಾಟಗಾರರು ಹುಡುಕಿಕೊಂಡು ಹೋದರು. 1985ರಲ್ಲಿ ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕು ಆ ದೇಶದ ಸಾಲಗಳನ್ನು ನವೀಕರಿಸುವುದನ್ನು ನಿಲ್ಲಿಸಿತು. ಉಳಿದ ಬ್ಯಾಂಕುಗಳೂ ಹಿಂದೆ ಸರಿದಾಗ ರ‍್ಯಾಂಡ್ ಕುಸಿದು, ಸಾಲದ ಅಸಲು ತೀರಿಸುವುದನ್ನೇ ಸರ್ಕಾರ ತಡೆಹಿಡಿಯಬೇಕಾಯಿತು. ಬ್ರಿಟನ್ನಿನ ವಿದ್ಯಾರ್ಥಿಗಳು ವರ್ಷಗಟ್ಟಲೆ ಬಹಿಷ್ಕರಿಸಿದ್ದ ಬಾರ್ಕ್ಲೇಸ್ 1986ರಲ್ಲಿ ಅಲ್ಲಿಂದ ಹೊರಬಿತ್ತು. ಚೇಸ್ ಹೊರಟದ್ದು ಕನಿಕರದಿಂದಲ್ಲ, ಹಣ ಮುಳುಗುವ ಭಯದಿಂದ ಎನ್ನುವವರಿದ್ದಾರೆ. ಇರಬಹುದು. ಆದರೂ ಸಾಲ ನಿಂತರೆ ಒಂದು ಆಡಳಿತವೇ ನಡುಗುತ್ತದೆ ಎಂಬುದು ಜಗತ್ತಿಗೆ ಕಂಡಿತು. ಅಷ್ಟು ಶಕ್ತಿ ಇರುವವರು ತಮಗೆ ಸಂಬಂಧವಿಲ್ಲ ಎನ್ನುವುದು ಅಲ್ಲಿಂದಾಚೆಗೆ ಕಷ್ಟವಾಯಿತು.

ಸಾಲ ಕೊಟ್ಟವರನ್ನು ಪ್ರಶ್ನಿಸಲು ಒಂದು ಸಂಸ್ಥೆಯೇ ಹುಟ್ಟಿದ್ದು ಮಾತ್ರ ನಮ್ಮ ನೆಲದ ಹೋರಾಟದಿಂದ. ಸರ್ದಾರ್ ಸರೋವರ ಯೋಜನೆಗೆ ವಿಶ್ವಬ್ಯಾಂಕು 1985ರಲ್ಲಿ 45 ಕೋಟಿ ಡಾಲರ್ ನೆರವು ಒಪ್ಪಿಕೊಂಡಿತ್ತು. ನರ್ಮದಾ ಬಚಾವೋ ಆಂದೋಲನದ ಒತ್ತಡಕ್ಕೆ ಮಣಿದು ಬ್ರಾಡ್‌ಫರ್ಡ್ ಮೋರ್ಸ್ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆಗೆ ಒಪ್ಪಿತು. 1992ರ ಆ ವರದಿ, ಪುನರ್ವಸತಿಯ ವಿಷಯದಲ್ಲಿ ಬ್ಯಾಂಕು ತನ್ನ ನೀತಿಯನ್ನೇ ಪಾಲಿಸಿಲ್ಲ ಎಂದು ಬರೆಯಿತು. 1993ರ ಮಾರ್ಚಿನಲ್ಲಿ ಉಳಿದ ಸಾಲ ಬೇಡವೆಂದು ಭಾರತ ಸರ್ಕಾರ ಹೇಳಿತು. ಅದೇ ವರ್ಷ ವಿಶ್ವಬ್ಯಾಂಕು ಇನ್‌ಸ್ಪೆಕ್ಷನ್ ಪ್ಯಾನೆಲ್ ಸ್ಥಾಪಿಸಿತು. ಯೋಜನೆಯಿಂದ ತೊಂದರೆಗೊಳಗಾದ ಹಳ್ಳಿಗರು ಸಾಲ ಕೊಟ್ಟ ಸಂಸ್ಥೆಯ ಮೇಲೆಯೇ ದೂರು ಕೊಡಬಹುದಾದ ಮೊದಲ ವೇದಿಕೆ ಅದು.

ಕರ್ನಾಟಕದಲ್ಲೂ ಇದರ ಪಾಠವಿದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಹಣ ಕೊಡುತ್ತಿದ್ದ ವಿಶ್ವಬ್ಯಾಂಕು ಪುನರ್ವಸತಿ ಸರಿಯಿಲ್ಲವೆಂದು 1990ರ ದಶಕದಲ್ಲಿ ಹಣ ಬಿಡುಗಡೆಯನ್ನು ತಡೆಹಿಡಿದಿತ್ತು. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು ಬಾಗಲಕೋಟೆಯ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದವರ ಕಥೆಯಲ್ಲಿ ಸರ್ಕಾರ, ಗುತ್ತಿಗೆದಾರರು, ಪರಿಹಾರದ ಕಚೇರಿಗಳೆಲ್ಲ ಬರುತ್ತವೆ. ಕಂತು ತಡೆದರೆ ಕಡತ ಓಡುತ್ತದೆ ಎಂಬ ಅಧ್ಯಾಯ ಮಾತ್ರ ಅಪರೂಪಕ್ಕೆ ನೆನಪಾಗುತ್ತದೆ.

ಬ್ಯಾಂಕುಗಳೇ ಬರೆದುಕೊಂಡ ನಿಯಮ

ವಿಶ್ವಬ್ಯಾಂಕು ಸರ್ಕಾರಗಳ ಸಂಸ್ಥೆ. ಖಾಸಗಿ ಬ್ಯಾಂಕುಗಳ ಸರದಿ ಬಂದದ್ದು 2003ರಲ್ಲಿ. ಆ ವರ್ಷದ ಆರಂಭದಲ್ಲಿ ನೂರಕ್ಕೂ ಹೆಚ್ಚು ಸ್ವಯಂಸೇವಾ ಸಂಘಟನೆಗಳು ಕೊಲೆವೆಕ್ಕಿಯೊ ಘೋಷಣೆ ಹೊರಡಿಸಿ ಹಣಕಾಸು ಸಂಸ್ಥೆಗಳ ಹೊಣೆಯನ್ನು ಪಟ್ಟಿ ಮಾಡಿದವು. ಜೂನ್‌ನಲ್ಲಿ ಹತ್ತು ಬ್ಯಾಂಕುಗಳು ಸೇರಿ ಈಕ್ವೆಟರ್ ತತ್ವಗಳನ್ನು ಒಪ್ಪಿಕೊಂಡವು. ವಿಶ್ವಬ್ಯಾಂಕು ಸಮೂಹದ ಐಎಫ್‌ಸಿ ಮಾನದಂಡಗಳೇ ಇವಕ್ಕೆ ಆಧಾರ. ಯೋಜನೆಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಬೇಕು. ಸ್ಥಳೀಯರೊಂದಿಗೆ ಸಮಾಲೋಚನೆ ಆಗಿರಬೇಕು. ಷರತ್ತು ಸಾಲದ ಕರಾರಿನಲ್ಲೇ ಇರಬೇಕು. ಭಾರತದಿಂದ ಮೊದಲು ಸಹಿ ಹಾಕಿದ್ದು ಐಡಿಎಫ್‌ಸಿ, 2013ರಲ್ಲಿ. ನಮ್ಮ ರಿಸರ್ವ್ ಬ್ಯಾಂಕು 2007ರ ಡಿಸೆಂಬರಿನಲ್ಲಿಯೇ ಸುತ್ತೋಲೆ ಹೊರಡಿಸಿ ಈ ಬೆಳವಣಿಗೆಗಳತ್ತ ಬ್ಯಾಂಕುಗಳ ಗಮನ ಸೆಳೆದಿತ್ತು.

ಹೀಗೆ ಸ್ವಯಂಪ್ರೇರಣೆಯ ನಿಯಮಗಳನ್ನು ನಂಬುವ ಪಂಥದ ವಾದ ಸರಳ. ಜನರ ವಿರೋಧ ಎದುರಾದ ಯೋಜನೆ ತಡವಾಗುತ್ತದೆ, ತಡವಾದರೆ ಸಾಲ ವಸೂಲಾಗದೆ ಎನ್‌ಪಿಎ ಆಗುತ್ತದೆ, ಹೆಸರು ಕೆಡುತ್ತದೆ. ಆದ್ದರಿಂದ ಹಕ್ಕುಗಳನ್ನು ಗೌರವಿಸುವುದು ಬ್ಯಾಂಕಿನ ಹಿತದಲ್ಲೇ ಇದೆ. ಬ್ಯಾಂಕುಗಳು ಎಲ್ಲಿ, ಯಾವಾಗ ಎಚ್ಚರಗೊಳ್ಳುತ್ತವೆ ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಅದರ ಸೋಲೂ ಇಲ್ಲೇ ಇದೆ. ಹಕ್ಕು ಕಳೆದುಕೊಂಡವರು ದನಿಯಿಲ್ಲದವರಾಗಿದ್ದು, ಕಾರ್ಖಾನೆ ಲಾಭದಲ್ಲಿ ನಡೆದು, ಕಂತು ತಪ್ಪದೆ ಬರುತ್ತಿದ್ದರೆ ಆಗ ಬ್ಯಾಂಕಿಗೆ ಅಪಾಯವೇ ಇಲ್ಲ. ಜನರಿಗಿರುವ ಅಪಾಯವನ್ನು ಬ್ಯಾಂಕಿಗಿರುವ ಅಪಾಯದ ಅಳತೆಗೋಲಿನಲ್ಲಿ ಅಳೆದರೆ ತೀರ ಬಡವರ ಸಂಕಟ ಲೆಕ್ಕಕ್ಕೇ ಬರುವುದಿಲ್ಲ.

ರಗ್ಗಿ ಹಾಕಿದ ಚೌಕಟ್ಟು, ಥೂನ್ ಗುಂಪಿನ ತಕರಾರು

ಕಂಪನಿಗಳಿಗೆ ನೇರ ಕಾನೂನು ಬಾಧ್ಯತೆ ಹೊರಿಸಲು ಹೊರಟ ವಿಶ್ವಸಂಸ್ಥೆಯ ಕರಡೊಂದು 2004ರ ಹೊತ್ತಿಗೆ ಬಿದ್ದುಹೋಗಿತ್ತು. ಮರುವರ್ಷ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಹಾರ್ವರ್ಡ್‌ನ ಪ್ರಾಧ್ಯಾಪಕ ಜಾನ್ ರಗ್ಗಿ ಅವರಿಗೆ ಈ ಕಗ್ಗಂಟನ್ನು ವಹಿಸಿದರು. ರಗ್ಗಿ ರೂಪಿಸಿದ ಮಾರ್ಗದರ್ಶಿ ತತ್ವಗಳನ್ನು 2011ರ ಜೂನ್ 16ರಂದು ಮಾನವ ಹಕ್ಕುಗಳ ಮಂಡಳಿ ಒಮ್ಮತದಿಂದ ಅಂಗೀಕರಿಸಿತು. ರಕ್ಷಿಸುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ಉದ್ಯಮದ ಹೊಣೆ, ಹಾನಿಯಾದವರಿಗೆ ಪರಿಹಾರ ಸಿಗಬೇಕು ಎಂಬ ಮೂರು ಕಂಬಗಳ ಮೇಲೆ ಅದು ನಿಂತಿದೆ. ಗೌರವಿಸುವ ಹೊಣೆ ಎಲ್ಲ ಉದ್ಯಮಗಳಿಗೂ ಅನ್ವಯ. ಬ್ಯಾಂಕುಗಳಿಗೆ ವಿನಾಯಿತಿ ಇಲ್ಲ.

ಹದಿಮೂರನೇ ತತ್ವ ಈ ಚರ್ಚೆಯ ಕೇಂದ್ರಬಿಂದು. ಹಾನಿಯೊಂದಿಗೆ ಉದ್ಯಮಕ್ಕಿರುವ ಸಂಬಂಧವನ್ನು ಅದು ಮೂರು ಬಗೆಯಾಗಿ ಕಾಣುತ್ತದೆ: ತಾನೇ ಹಾನಿ ಮಾಡಿರಬಹುದು, ಹಾನಿಗೆ ಕೈಜೋಡಿಸಿರಬಹುದು, ಇಲ್ಲವೇ ತನ್ನ ವ್ಯವಹಾರದ ಮೂಲಕ ಅದಕ್ಕೆ ನಂಟು ಹೊಂದಿರಬಹುದು. ಮೊದಲ ಎರಡರಲ್ಲಿ ಪರಿಹಾರ ಕೊಡುವ ಹೊಣೆ ಬರುತ್ತದೆ. ಮೂರನೆಯದರಲ್ಲಿ ತನ್ನ ಪ್ರಭಾವ ಬಳಸಿ ತಡೆಯಲು ಯತ್ನಿಸಬೇಕು, ಪರಿಹಾರ ಕೊಡಲೇಬೇಕೆಂದಿಲ್ಲ. ಬ್ಯಾಂಕುಗಳು ಯಾವ ಖಾನೆಯಲ್ಲಿ ಬರುತ್ತವೆ?

ಸ್ವಿಟ್ಜರ್‌ಲೆಂಡಿನ ಥೂನ್ ಪಟ್ಟಣದಲ್ಲಿ ಸೇರುತ್ತಿದ್ದರಿಂದ ಥೂನ್ ಗುಂಪು ಎಂದು ಹೆಸರಾದ ದೊಡ್ಡ ಬ್ಯಾಂಕುಗಳ ಕೂಟ 2017ರ ಜನವರಿಯಲ್ಲಿ ಉತ್ತರ ಕೊಟ್ಟಿತು: ಗ್ರಾಹಕರು ಮಾಡಿದ ಹಾನಿಯ ವಿಷಯದಲ್ಲಿ ಬ್ಯಾಂಕು ಸಾಮಾನ್ಯವಾಗಿ ಮೂರನೇ ಖಾನೆಯಲ್ಲಷ್ಟೇ ಇರುತ್ತದೆ. ರಗ್ಗಿ ಸುಮ್ಮನಿರಲಿಲ್ಲ. ತಮ್ಮ ತತ್ವಗಳನ್ನು ಹೀಗೆ ಓದುವುದು ತಪ್ಪೆಂದು ಮರುತಿಂಗಳೇ ಬರೆದರು. ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಸ್ಪಷ್ಟನೆ ನೀಡಿತು. ಈ ಖಾನೆಗಳ ನಡುವೆ ಗೋಡೆಯಿಲ್ಲ. ಹಾನಿ ಕಣ್ಣೆದುರಿಗಿದ್ದೂ ಬ್ಯಾಂಕು ಕೈಕಟ್ಟಿ ಕುಳಿತರೆ, ಬರೀ ನಂಟಿದ್ದ ಬ್ಯಾಂಕು ಕಾಲಕ್ರಮದಲ್ಲಿ ಕೈಜೋಡಿಸಿದ ಬ್ಯಾಂಕಾಗುತ್ತದೆ ಎಂಬುದು ಅದರ ನಿಲುವು.

ಥೂನ್ ಗುಂಪಿನ ವಾದದಲ್ಲೂ ಸತ್ಯಾಂಶವಿದೆ. ಲಕ್ಷಾಂತರ ಸಾಲಗಾರರಿರುವ ಬ್ಯಾಂಕು ಪ್ರತಿಯೊಬ್ಬರ ಹಿಂದೆ ಕಾವಲು ನಿಲ್ಲಲಾರದು. ಕಂಪನಿಯ ದುಡಿಯುವ ಬಂಡವಾಳಕ್ಕೆಂದು ಕೊಟ್ಟ ಸಾಲದ ಯಾವ ರೂಪಾಯಿ ಯಾವ ಘಟಕಕ್ಕೆ ಹೋಯಿತೆಂದು ಬೇರ್ಪಡಿಸುವುದೂ ಸುಲಭವಲ್ಲ. ಆದರೆ ದೊಡ್ಡ ಯೋಜನೆಯ ಸಾಲ ಮಂಜೂರಾಗುವ ಬಗೆಯನ್ನು ಹತ್ತಿರದಿಂದ ನೋಡಿದರೆ ಈ ವಾದ ಅಲ್ಲಿ ನಿಲ್ಲುವುದಿಲ್ಲ. ಹಲವು ಬ್ಯಾಂಕುಗಳ ಕನ್ಸಾರ್ಟಿಯಂ, ಮುಂದಾಳಾಗಿ ಒಂದು ಲೀಡ್ ಬ್ಯಾಂಕು. ಜಮೀನಿನ ಪಹಣಿ, ಕ್ರಯಪತ್ರಗಳನ್ನು ಬ್ಯಾಂಕಿನ ವಕೀಲರು ಸಾಲುಸಾಲಾಗಿ ಓದುತ್ತಾರೆ. ಪರಿಸರ ಅನುಮತಿಯ ಪ್ರತಿ ಕಡತದಲ್ಲಿರಬೇಕು. ಸಾಲದಾತರ ಪರವಾಗಿ ನೇಮಕವಾದ ಎಂಜಿನಿಯರ್ ಸೈಟಿಗೆ ಹೋಗಿ ಕೆಲಸ ಎಷ್ಟಾಗಿದೆಯೆಂದು ವರದಿ ಕೊಟ್ಟ ಮೇಲೆಯೇ ಮುಂದಿನ ಕಂತು ಬಿಡುಗಡೆ. ಷರತ್ತು ಮೀರಿದರೆ ಹಣ ನಿಲ್ಲುತ್ತದೆ. ಬೇಲಿ ಹಾಕಿದ ಜಮೀನಿನಲ್ಲಿ ಇನ್ನೂ ಬೆಳೆ ನಿಂತಿದೆಯೇ, ಗೇಟಿನ ಮುಂದೆ ಪೊಲೀಸ್ ವ್ಯಾನು ಯಾಕಿದೆ ಎಂಬುದು ಆ ಎಂಜಿನಿಯರ್ ಕಣ್ಣಿಗೆ ಬೀಳದಿರಲು ಸಾಧ್ಯವಿಲ್ಲ. ತನ್ನ ಹಣ ಕಾಪಾಡಿಕೊಳ್ಳಲು ಇಷ್ಟೆಲ್ಲ ತಿಳಿದುಕೊಳ್ಳುವ ಬ್ಯಾಂಕು, ಜನರನ್ನು ಕಾಪಾಡುವ ಪ್ರಶ್ನೆ ಬಂದಾಗ ತನಗೆ ತಿಳಿದಿರಲಿಲ್ಲ ಎಂದರೆ ಒಪ್ಪುವುದು ಹೇಗೆ? ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಗಟ್ಟಿಯಾಗಿ ಕಾಣುವ ನೆಲೆ ಇದೇ.

ಬಿಟ್ಟು ಹೋಗುವುದೋ, ಇದ್ದು ಒತ್ತಾಯಿಸುವುದೋ

ಹೊಣೆ ಒಪ್ಪಿಕೊಂಡ ಬ್ಯಾಂಕು ಮಾಡಬೇಕಾದ್ದೇನು? 2016ರಲ್ಲಿ ಅಮೆರಿಕದ ಉತ್ತರ ಡಕೋಟಾದಲ್ಲಿ ಸ್ಟ್ಯಾಂಡಿಂಗ್ ರಾಕ್ ಮೂಲನಿವಾಸಿಗಳು ತಮ್ಮ ನೀರಿನ ಮೂಲದಡಿ ಹಾಯುವ ತೈಲ ಕೊಳವೆಯನ್ನು ವಿರೋಧಿಸಿ ಬಿಡಾರ ಹೂಡಿದ್ದರು. ಆ ಕೊಳವೆಗೆ 17 ಬ್ಯಾಂಕುಗಳು 250 ಕೋಟಿ ಡಾಲರ್ ಸಾಲ ಒಪ್ಪಿಕೊಂಡಿದ್ದವು. ಅವುಗಳಲ್ಲಿ ಹಲವು ಈಕ್ವೆಟರ್ ತತ್ವಗಳಿಗೆ ಸಹಿ ಹಾಕಿದ್ದವು. ಆದರೆ ಶ್ರೀಮಂತ ದೇಶಗಳಲ್ಲಿ ಅಲ್ಲಿನ ಕಾನೂನು ಪಾಲಿಸಿದರೆ ಸಾಕು ಎಂಬ ಅವಕಾಶ ಆ ತತ್ವಗಳಲ್ಲೇ ಇತ್ತು. ಮರುವರ್ಷ ಐಎನ್‌ಜಿ, ಡಿಎನ್‌ಬಿ, ಬಿಎನ್‌ಪಿ ಪಾರಿಬಾ ತಮ್ಮ ಪಾಲಿನ ಸಾಲವನ್ನು ಬೇರೆಯವರಿಗೆ ಮಾರಿ ಹೊರನಡೆದವು. 2017ರ ಜೂನ್‌ನಲ್ಲಿ ಕೊಳವೆಯಲ್ಲಿ ತೈಲ ಹರಿಯತೊಡಗಿತು. ಅವು ಹೊರನಡೆದದ್ದರಿಂದ ಕೊಳವೆ ನಿಲ್ಲಲಿಲ್ಲ. ಆದರೆ ಈಕ್ವೆಟರ್ ತತ್ವಗಳ ನಾಲ್ಕನೇ ಆವೃತ್ತಿ 2020ರ ಅಕ್ಟೋಬರಿನಿಂದ ಶ್ರೀಮಂತ ದೇಶಗಳಲ್ಲೂ ಮೂಲನಿವಾಸಿಗಳ ಒಪ್ಪಿಗೆಯ ಪ್ರಶ್ನೆಯನ್ನು ಪರಿಶೀಲಿಸಬೇಕೆಂದಿತು.

ಕಾಂಬೋಡಿಯದ ಪ್ರಕರಣ ಇದಕ್ಕಿಂತ ಮುಖ್ಯ. ಕಂಪೋಂಗ್ ಸ್ಪೂ ಪ್ರಾಂತ್ಯದಲ್ಲಿ ಕಬ್ಬಿನ ತೋಟಕ್ಕಾಗಿ ನೂರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಿದ ಸಕ್ಕರೆ ಕಂಪನಿಗೆ ಆಸ್ಟ್ರೇಲಿಯದ ಎಎನ್‌ಝಡ್ ಬ್ಯಾಂಕಿನ ಸಾಲವಿತ್ತು. 2014ರಲ್ಲಿ ಕಂಪನಿ ಸಾಲ ತೀರಿಸಿತು, ಬ್ಯಾಂಕಿನ ನಂಟು ಮುಗಿಯಿತು. ಬೀದಿಗೆ ಬಿದ್ದವರ ಸಂಕಟ ಮುಗಿಯಲಿಲ್ಲ. ಅದೇ ವರ್ಷ ಅವರ ಪರವಾಗಿ ಆಸ್ಟ್ರೇಲಿಯದಲ್ಲಿರುವ, ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿಯ ದೂರು ಕೇಂದ್ರಕ್ಕೆ ದೂರು ಹೋಯಿತು. 2018ರಲ್ಲಿ ಕೇಂದ್ರ ಬ್ಯಾಂಕಿನ ನಡೆಯನ್ನು ಟೀಕಿಸಿತು. 2020ರ ಫೆಬ್ರವರಿಯಲ್ಲಿ ಆ ಸಾಲದಿಂದ ಬಂದ ಒಟ್ಟು ಲಾಭವನ್ನು ಸಂತ್ರಸ್ತ ಕುಟುಂಬಗಳಿಗೆ ಕೊಡಲು ಎಎನ್‌ಝಡ್ ಒಪ್ಪಿತು. ಗ್ರಾಹಕ ಕಂಪನಿ ಮಾಡಿದ ಹಾನಿಗೆ ಒಂದು ವಾಣಿಜ್ಯ ಬ್ಯಾಂಕು ತನ್ನ ಗಳಿಕೆಯನ್ನು ಬಿಟ್ಟುಕೊಟ್ಟ ಅಪರೂಪದ ನಿದರ್ಶನವಿದು. ಸಾಲ ತೀರಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಕೋರ್ಟಿನ ಬಾಗಿಲು

ಸ್ವಯಂಪ್ರೇರಣೆ ಸಾಕಾಗದು, ಕಾನೂನೇ ಬೇಕು ಎನ್ನುವ ಪಂಥಕ್ಕೆ ಬಲ ಕೊಟ್ಟವರು ಗುಜರಾತಿನ ಮುಂದ್ರಾ ಕರಾವಳಿಯ ಮೀನುಗಾರರು. ಅಲ್ಲಿನ ಟಾಟಾ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಐಎಫ್‌ಸಿ 2008ರಲ್ಲಿ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಸ್ಥಾವರ ಬಿಡುವ ಬಿಸಿನೀರಿನಿಂದ ಮೀನು ಕಡಿಮೆಯಾಗಿದೆ, ಕಲ್ಲಿದ್ದಲ ದೂಳು ಒಣಮೀನಿನ ಮೇಲೆ ಕೂರುತ್ತಿದೆ ಎಂಬುದು ಅವರ ದೂರು. ಐಎಫ್‌ಸಿಯ ಒಳಗಿನ ದೂರು ವಿಭಾಗವೇ ಲೋಪಗಳನ್ನು ಗುರುತಿಸಿತು. ಅದರಿಂದ ಪರಿಹಾರ ಸಿಗದಾಗ ಮೀನುಗಾರರು ಅಮೆರಿಕದ ಕೋರ್ಟಿಗೆ ಹೋದರು. 2019ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-1 ಬಹುಮತದಿಂದ, ಐಎಫ್‌ಸಿಯಂಥ ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ದಾವೆಯಿಂದ ಸಂಪೂರ್ಣ ರಕ್ಷಣೆ ಇಲ್ಲ ಎಂದಿತು. ತತ್ವದಲ್ಲಿ ದೊಡ್ಡ ಗೆಲುವು. ಆದರೆ ಹಾನಿ ನಡೆದದ್ದು ಭಾರತದಲ್ಲಿ, ಅಮೆರಿಕದಲ್ಲಲ್ಲ ಎಂದು ಕೆಳಗಿನ ಕೋರ್ಟುಗಳು ಮತ್ತೆ ದಾವೆಯನ್ನು ವಜಾ ಮಾಡಿದವು.

ಯುರೋಪಿನಲ್ಲಿ ಗಾಳಿ ಎರಡೂ ಕಡೆ ಬೀಸುತ್ತಿದೆ. ಫ್ರಾನ್ಸಿನ 2017ರ ಎಚ್ಚರಿಕೆ ಕರ್ತವ್ಯದ ಕಾನೂನಿನಡಿ, ಬ್ರೆಜಿಲ್‌ನ ಮಾಂಸ ಉದ್ಯಮಕ್ಕೆ ಕೊಟ್ಟ ಸಾಲದ ವಿಷಯದಲ್ಲಿ ಬಿಎನ್‌ಪಿ ಪಾರಿಬಾ ಮೇಲೆ 2023ರಲ್ಲಿ ದಾವೆ ಹೂಡಲಾಯಿತು. ಕಂಪನಿಗಳ ಇಂಥದೇ ಕರ್ತವ್ಯ ಕುರಿತ ಐರೋಪ್ಯ ಒಕ್ಕೂಟದ 2024ರ ನಿರ್ದೇಶನವಾದರೋ ಬ್ಯಾಂಕುಗಳು ತಮ್ಮ ಸಾಲಗಾರರ ನಡೆಯನ್ನು ಪರಿಶೀಲಿಸಬೇಕೆಂಬ ಕರ್ತವ್ಯವನ್ನು ಹೊರಗಿಟ್ಟಿತು. ಈ ವಿನಾಯಿತಿಯನ್ನು ಎರಡು ವರ್ಷದಲ್ಲಿ ಮರುಪರಿಶೀಲಿಸಬೇಕೆಂದಿದ್ದ ಅಂಶವನ್ನೂ ತೆಗೆಯಲು 2025ರಲ್ಲಿ ಐರೋಪ್ಯ ಆಯೋಗ ಪ್ರಸ್ತಾಪಿಸಿತು. ಇಷ್ಟರ ನಡುವೆ, ಅದೇ 2025ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಜ್ಯೂರಿಯೊಂದು ಸುಡಾನಿನ ಹಿಂದಿನ ಆಡಳಿತಕ್ಕೆ ಬ್ಯಾಂಕಿಂಗ್ ಸೇವೆ ಕೊಟ್ಟದ್ದಕ್ಕೆ ಬಿಎನ್‌ಪಿ ಪಾರಿಬಾವನ್ನು ಹೊಣೆಯಾಗಿಸಿ, ಮೂವರು ಸಂತ್ರಸ್ತರಿಗೆ ಎರಡು ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಘೋಷಿಸಿತು. ಬ್ಯಾಂಕು ಇದನ್ನು ಪ್ರಶ್ನಿಸುವುದಾಗಿ ಹೇಳಿತು. ರಾಶೆಯ ಕಾಲದ ತರ್ಕ ಎಲ್ಲ ಕಡೆಯೂ ಹಾಗೇ ಉಳಿದಿಲ್ಲ.

ಸಾಲಗಾರರೇ ಸಂತ್ರಸ್ತರಾದಾಗ

ಇಷ್ಟರವರೆಗಿನ ಚರ್ಚೆಯಲ್ಲಿ ಹಕ್ಕು ಕಳೆದುಕೊಂಡವರು ಬ್ಯಾಂಕಿನ ಗ್ರಾಹಕರಲ್ಲ. ಭಾರತದಲ್ಲಿ ಅದಕ್ಕಿಂತ ಹೆಚ್ಚು ಜನರನ್ನು ಮುಟ್ಟುವ ಮುಖ ವಸೂಲಿಯದು. ಬಲಾತ್ಕಾರದ ವಸೂಲಿ ಕೂಡದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು, ರಿಸರ್ವ್ ಬ್ಯಾಂಕು 2008ರಲ್ಲಿ ವಸೂಲಿ ಏಜೆಂಟರಿಗೆ ನಿಯಮ ಮಾಡಿತು, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದೆಂದು 2022ರಲ್ಲಿ ಮತ್ತೆ ಎಚ್ಚರಿಸಿತು.

ಆದರೂ 2025ರ ಆರಂಭದಲ್ಲಿ ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್‌ನವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಯನ್ನು ನಾವೆಲ್ಲ ಓದಿದೆವು. ಗುಂಪು ಸಾಲದ ಪದ್ಧತಿಯೇ ಹಾಗೆ: ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ತುಂಬಬೇಕು. ಕಂತಿನ ದಿನ ಫೀಲ್ಡ್ ಆಫೀಸರ್ ಬಂದು ಕೂರುತ್ತಾನೆ. ದುಡ್ಡು ಹೊಂದುವವರೆಗೆ ಏಳುವುದಿಲ್ಲ. ಅವನು ಬಾಯಿ ಬಿಡಬೇಕಿಲ್ಲ, ಅಕ್ಕಪಕ್ಕದ ಹೆಂಗಸರೇ ಆ ಒಬ್ಬಳ ಮನೆ ಬಾಗಿಲಿಗೆ ಹೋಗುತ್ತಾರೆ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ, ಅದಕ್ಕೆ ಮತ್ತೊಂದು. ಆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. 2010ರಲ್ಲಿ ಆಂಧ್ರದಲ್ಲೂ ಹೀಗೇ ಸುಗ್ರೀವಾಜ್ಞೆ ಬಂದಿತ್ತು.

ಈ ಮೈಕ್ರೋ ಫೈನಾನ್ಸ್ ಸಂಸ್ಥೆಗಳಲ್ಲಿ ಅನೇಕವಕ್ಕೆ ಹಣ ಬರುವುದು ದೊಡ್ಡ ಬ್ಯಾಂಕುಗಳಿಂದ. ಆ ಸಾಲವನ್ನು ಬ್ಯಾಂಕುಗಳು ತಮ್ಮ ಆದ್ಯತಾ ವಲಯದ ಗುರಿಯಲ್ಲಿ ತೋರಿಸಿಕೊಳ್ಳಲು ಅವಕಾಶವೂ ಇದೆ. ರಗ್ಗಿಯವರ ಹದಿಮೂರನೇ ತತ್ವವನ್ನು ಚಾಮರಾಜನಗರದ ಆ ಬೀಗದ ಮುಂದೆ ನಿಂತು ಓದಿದರೆ ಪ್ರಶ್ನೆ ವಿಶ್ವಸಂಸ್ಥೆಯ ಸಭೆಗಳದ್ದಾಗಿಯೇ ಉಳಿಯುವುದಿಲ್ಲ. ಆದರೆ ನಮ್ಮ ಚರ್ಚೆ ಫೀಲ್ಡ್ ಆಫೀಸರನ ಒರಟುತನಕ್ಕೇ ನಿಂತುಬಿಟ್ಟಿತು. ಅವನ ಹಿಂದಿರುವ ಹಣದ ಮೂಲದವರೆಗೆ ಹೋಗಲೇ ಇಲ್ಲ.

ಇನ್ನೂ ತೀರ್ಮಾನವಾಗದ್ದು

ಹೊಣೆ ಇದೆ ಎಂಬುದರ ಬಗ್ಗೆ ಇಂದು ಹೆಚ್ಚು ತಕರಾರಿಲ್ಲ. ಆಳದ ಬಗ್ಗೆ ಇದೆ. ಯೋಜನಾ ಸಾಲದಲ್ಲಿ ಬ್ಯಾಂಕಿನ ಕಣ್ಣು ಸೈಟಿನವರೆಗೆ ಹೋಗುತ್ತದೆ; ಬಾಂಡು ಕೊಳ್ಳುವಾಗ, ಷೇರು ಬಿಡುಗಡೆ ನಿರ್ವಹಿಸುವಾಗ, ಸಾಲವನ್ನು ಅರ್ಧದಲ್ಲಿ ಮಾರಿಬಿಟ್ಟಾಗ ಎಲ್ಲಿಯವರೆಗೆ ಹೋಗಬೇಕು? ಪರಿಹಾರದ ಲೆಕ್ಕವೂ ಹಾಗೇ. ಎಎನ್‌ಝಡ್ ಕೊಟ್ಟದ್ದು ತನ್ನ ಲಾಭದ ಮೊತ್ತ. ಜನ ಕಳೆದುಕೊಂಡದ್ದರ ಬೆಲೆ ಬೇರೆ. ಇವೆರಡರಲ್ಲಿ ಯಾವುದು ಅಳತೆ ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ. ಮನಸ್ಸಾಕ್ಷಿಯ ಬ್ಯಾಂಕು ಹೊರಟ ಜಾಗಕ್ಕೆ ಏನೂ ಕೇಳದ ಬ್ಯಾಂಕು ಬಂದು ಕೂತರೆ ಜನರಿಗೆ ಲಾಭವೇನು ಎಂಬ ಪ್ರಶ್ನೆಯೂ ಹಾಗೇ ಉಳಿದಿದೆ.

ಭಾರತಕ್ಕೇ ವಿಶೇಷವಾದ ಒಂದು ತೊಡಕಿದೆ. ರಾಷ್ಟ್ರೀಕೃತ ಬ್ಯಾಂಕುಗಳು ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ಪ್ರಭುತ್ವದ ಭಾಗ. ಮೂಲಭೂತ ಹಕ್ಕು ಮುರಿದರೆ ರಿಟ್ ಅರ್ಜಿ ಹಾಕಬಹುದು. ಖಾಸಗಿ ಬ್ಯಾಂಕು ಹಾಗಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ಹೇಳಿದೆ. ಹಾಗಾದರೆ ಒಂದೇ ಕನ್ಸಾರ್ಟಿಯಂನಲ್ಲಿ, ಒಂದೇ ಯೋಜನೆಗೆ, ಒಂದೇ ಕರಾರಿನಡಿ ಸಾಲ ಕೊಟ್ಟ ಎರಡು ಬ್ಯಾಂಕುಗಳಿಗೆ ಎರಡು ಬಗೆಯ ಹೊಣೆಯೇ? ಸರ್ಕಾರದ ಒಡೆತನದ ಉದ್ಯಮಗಳ ವಿಷಯದಲ್ಲಿ ಪ್ರಭುತ್ವ ಹೆಚ್ಚಿನ ಎಚ್ಚರ ವಹಿಸಬೇಕು ಎನ್ನುತ್ತದೆ ರಗ್ಗಿಯವರ ನಾಲ್ಕನೇ ತತ್ವ. ಸಾಲ ಮಂಜೂರಾತಿಯ ಮೇಜಿನಲ್ಲಿ ಅದಕ್ಕೆ ರೂಪ ಕೊಡುವ ಕೆಲಸ ಬಾಕಿಯಿದೆ.

ಕೊನೆಯದಾಗಿ ಗೋಪ್ಯತೆ. ಗ್ರಾಹಕರ ಮಾಹಿತಿ ಕೊಡಲಾಗದು ಎಂಬ ಒಂದು ವಾಕ್ಯದಲ್ಲಿ ಅನೇಕ ದೂರುಗಳು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತವೆ. ರಿಸರ್ವ್ ಬ್ಯಾಂಕು ತನ್ನ ತಪಾಸಣೆಯ ಮಾಹಿತಿಯನ್ನು ಆರ್‌ಟಿಐ ಅಡಿ ಕೊಡಬೇಕೆಂದು 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಜಗ್ಗಾಟ ಮುಗಿದಿಲ್ಲ. ಆದರೆ ಒಂದು ಕಿಂಡಿ ತೆರೆದೇ ಇದೆ. ಕಂಪನಿ ತನ್ನ ಆಸ್ತಿಯನ್ನು ಅಡವಿಟ್ಟು ಸಾಲ ಪಡೆದರೆ ಆ ಋಣಭಾರವನ್ನು ಕಂಪನಿ ಕಾಯ್ದೆಯ 77ನೇ ಕಲಮಿನಡಿ ಕಂಪನಿ ರಿಜಿಸ್ಟ್ರಾರ್ ಬಳಿ ನೋಂದಾಯಿಸಬೇಕು. ಶುಲ್ಕ ಕಟ್ಟಿ ಯಾರು ಬೇಕಾದರೂ ಆ ದಾಖಲೆ ನೋಡಬಹುದು. ಸಾಲ ಕೊಟ್ಟವರ ಹೆಸರು ಅದರಲ್ಲಿರುತ್ತದೆ. ನಿಮ್ಮ ಊರಿಗೆ ಯೋಜನೆಯೊಂದು ಬಂದು, ಜಮೀನಿನ ನೋಟಿಸ್ ಕೈಗೆ ಬಂದರೆ, ಜಿಲ್ಲಾಧಿಕಾರಿಗೆ ಕೊಡುವ ಮನವಿಯ ಒಂದು ಪ್ರತಿಯನ್ನು ಆ ಬ್ಯಾಂಕಿನ ಪ್ರಧಾನ ಕಚೇರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ತಮಗೆ ತಿಳಿದಿರಲಿಲ್ಲ ಎಂಬ ಮಾತು ಅಲ್ಲಿಂದ ಮುಂದೆ ಅವರ ಬಾಯಲ್ಲಿ ಬರುವಂತಿಲ್ಲ.